ಓದುಗರ ಪ್ರಶ್ನೆ: ಇಂಗ್ಲಿಷ್ ತರಗತಿಯ ಅಲಂಕಾರಗಳೂ ಪದಸಂಪತ್ತೂ

ಪರೀಕ್ಷೆ ಹತ್ತಿರವಾದಂತೆ ಈ ಅಂಕಣಕ್ಕೆ ಇಂಗ್ಲಿಷ್ ವಿಷಯದ ಪತ್ರಗಳೇ ಹೆಚ್ಚು ಬರುತ್ತವೆ. ಈ ಸಲ ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಿಂದ ಬಂದವುಗಳಲ್ಲಿ ಸಾಹಿತ್ಯದ ಪಾರಿಭಾಷಿಕ ಪದಗಳ ಹಾಗೂ ಪದಸಂಪತ್ತಿನ ಪುನರಾವರ್ತನೆಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಂಡು, ಒಂದೇ ಆಶಯದವುಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದೇನೆ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್ ಇವುಗಳ ವ್ಯಾಖ್ಯೆಗಳೆಲ್ಲ ಬಾಯಿಪಾಠವಾಗಿವೆ. ಆದರೆ ಪಠ್ಯದಲ್ಲಿಲ್ಲದ ಸಾಲು ಕೊಟ್ಟರೆ ತಡವರಿಸುತ್ತೇನೆ. ಕನ್ನಡದ ಉಪಮೆ, ರೂಪಕಗಳಲ್ಲಿ ಮಾತ್ರ ತಪ್ಪುವುದಿಲ್ಲ. ಎರಡೂ ಒಂದೇ ಎಂದು ತಿಳಿದು ಓದಬಹುದೇ, ಸರ್?
(ವಿದ್ಯಾರ್ಥಿನಿ, ಕುಷ್ಟಗಿ)

ಉತ್ತರ: ಓದಬಹುದು. ಆದರೆ ಎರಡೂ ಎಲ್ಲಿಯವರೆಗೆ ಜೊತೆಯಲ್ಲಿ ಸಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಗೊತ್ತಿರಬೇಕು.

ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಿಮ್ಮ ಕನ್ನಡ ಶಿಕ್ಷಕರು ಹೇಳಿಕೊಟ್ಟ ನಾಲ್ಕು ಅಂಗಗಳು, ಇಂಗ್ಲಿಷ್ ಗೈಡುಗಳಲ್ಲಿರುವ ಒಂದು ಸಾಲಿನ ವ್ಯಾಖ್ಯೆಗಿಂತ ಎಷ್ಟೋ ಹರಿತವಾದ ಸಾಧನ. ‘ಹರ್ ವಾಯ್ಸ್ ವಾಸ್ ಆಸ್ ಕ್ಲಿಯರ್ ಆಸ್ ಎ ಟೆಂಪಲ್ ಬೆಲ್’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಅವಳ ದನಿ ಉಪಮೇಯ, ಗುಡಿಯ ಗಂಟೆ ಉಪಮಾನ, ಎರಡು ಸಲ ಬಂದಿರುವ ‘ಆಸ್’ ವಾಚಕ, ‘ಕ್ಲಿಯರ್’ ಎಂಬುದು ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಅದನ್ನೇ ‘ಹರ್ ವಾಯ್ಸ್ ವಾಸ್ ಲೈಕ್ ಎ ಟೆಂಪಲ್ ಬೆಲ್’ ಎಂದು ಬದಲಿಸಿದರೆ ಸಮಾನಧರ್ಮ ಬಿಟ್ಟುಹೋಗಿ ಲುಪ್ತೋಪಮೆಯಾಗುತ್ತದೆ. ಇಂಗ್ಲಿಷಿನಲ್ಲಿ ಎರಡನ್ನೂ ಸಿಮಿಲಿ ಎಂದೇ ಕರೆಯುತ್ತಾರೆ. ಆದರೆ ಈ ಹೋಲಿಕೆಯಿಂದ ಕವಿ ಏನನ್ನು ಸೂಚಿಸುತ್ತಾನೆ ಎಂದು ಮುಂದಿನ ಪ್ರಶ್ನೆ ಬಂದಾಗ ನೀವು ಬರೆಯಬೇಕಾದದ್ದು ಹೇಳದೆ ಬಿಟ್ಟ ಆ ಸಮಾನಧರ್ಮವನ್ನೇ. ವ್ಯಾಖ್ಯೆಯನ್ನು ಉರು ಹೊಡೆದವರು ಅಲಂಕಾರದ ಹೆಸರು ಬರೆದು ನಿಂತುಬಿಡುತ್ತಾರೆ. ನಾಲ್ಕು ಅಂಗ ಬಿಡಿಸಿದವರಿಗೆ ಮುಂದಿನ ಉತ್ತರವೂ ಕೈಯಲ್ಲೇ ಇರುತ್ತದೆ.

‘ಲೈಕ್’ ಕಂಡ ಕೂಡಲೇ ಸಿಮಿಲಿ ಎಂದು ಬರೆಯುವುದು ಬಹುಮಂದಿ ಮಾಡುವ ತಪ್ಪು. ‘ಐ ಲೈಕ್ ಮ್ಯಾಂಗೋಸ್’ ಎಂಬಲ್ಲಿ ಅದು ಕ್ರಿಯಾಪದ. ‘ಶಿ ಸಿಂಗ್ಸ್ ಲೈಕ್ ಹರ್ ಮದರ್’ ಎಂಬಲ್ಲಿ ಹೋಲಿಕೆಯೇನೋ ಇದೆ. ಆದರೆ ಇಬ್ಬರೂ ಹಾಡುವ ಮನುಷ್ಯರೇ ಆದ್ದರಿಂದ ಅದು ಸಾದಾ ಹೋಲಿಕೆ, ಅಲಂಕಾರವಲ್ಲ. ಬೇರೆ ಬೇರೆ ಜಾತಿಯ ಎರಡು ವಸ್ತುಗಳನ್ನು ಎದುರುಬದುರು ಇಟ್ಟಾಗಲೇ ಸಿಮಿಲಿ ಹುಟ್ಟುತ್ತದೆ.

ಈಗ ದಾರಿ ಕವಲೊಡೆಯುವ ಜಾಗಕ್ಕೆ ಬರೋಣ. ಕನ್ನಡ ತರಗತಿಯಲ್ಲಿ ರೂಪಕಕ್ಕೆ ಕೊಡುವ ಉದಾಹರಣೆಗಳು ಸಾಮಾನ್ಯವಾಗಿ ಮುಖಕಮಲ, ಸಂಸಾರಸಾಗರ ಎಂಬಂತೆ ಎರಡು ನಾಮಪದಗಳು ಬೆರೆತು ಒಂದಾದವು. ಇಂಗ್ಲಿಷಿನ ಮೆಟಫರ್ ಅದಕ್ಕಿಂತ ವಿಶಾಲ. ‘ದ ಡ್ಯಾಮ್ ಈಸ್ ದ ಮದರ್ ಆಫ್ ಅವರ್ ಫೀಲ್ಡ್ಸ್’ ಎಂದು ತುಂಗಭದ್ರೆಯ ಅಣೆಕಟ್ಟನ್ನು ಹೊಲಗಳ ತಾಯಿ ಎಂದರೆ ಅದು ನಿಮಗೆ ಪರಿಚಿತವಾದ ರೂಪಕದಂತೆಯೇ ಇದೆ. ‘ದ ನ್ಯೂಸ್ ಫ್ಲೂ ಥ್ರೂ ದ ವಿಲೇಜ್’ ಎಂದಾಗ ಸುದ್ದಿಯನ್ನು ಹಕ್ಕಿ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹಾರಿತು ಎಂಬ ಕ್ರಿಯಾಪದವೊಂದೇ ಆ ಕೆಲಸ ಮಾಡಿದೆ. ಅದೂ ಮೆಟಫರ್. ಉಪಮೇಯವನ್ನೇ ಮರೆಸಿ ಉಪಮಾನವನ್ನಷ್ಟೇ ಹೇಳುವ ಬಗೆಯನ್ನು ನಮ್ಮ ಆಲಂಕಾರಿಕರು ಅತಿಶಯೋಕ್ತಿಯ ಒಂದು ಪ್ರಭೇದವಾಗಿ ಎಣಿಸುತ್ತಾರೆ. ಇಂಗ್ಲಿಷಿನವರು ಅದನ್ನೂ ಮೆಟಫರ್ ಎಂದೇ ಕರೆಯುತ್ತಾರೆ. ಹಾಗೆಯೇ ಒಂದನ್ನು ಮತ್ತೊಂದೋ ಎಂಬಂತೆ ಕಲ್ಪಿಸಿ ಹೇಳುವ ಉತ್ಪ್ರೇಕ್ಷೆಗೆ ಕನ್ನಡದಲ್ಲಿ ಪ್ರತ್ಯೇಕ ಸ್ಥಾನವಿದೆ. ಇಂಗ್ಲಿಷಿನಲ್ಲಿ ‘ಆಸ್ ಇಫ್’, ‘ಆಸ್ ದೋ’ ಎಂದು ಬರುವ ಕಲ್ಪನೆಯನ್ನು ಸಾಮಾನ್ಯವಾಗಿ ಸಿಮಿಲಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಒಂದೇ ಸಾಲಿಗೆ ಕನ್ನಡ ಪತ್ರಿಕೆಯಲ್ಲಿ ಉತ್ಪ್ರೇಕ್ಷೆ ಎಂದೂ ಇಂಗ್ಲಿಷ್ ಪತ್ರಿಕೆಯಲ್ಲಿ ಸಿಮಿಲಿ ಎಂದೂ ಬರೆಯಬೇಕಾಗಿ ಬಂದರೆ ಗಾಬರಿಯಾಗಬೇಡಿ, ಎರಡೂ ಸರಿ.

ಪರ್ಸಾನಿಫಿಕೇಷನ್ ಎಂದರೆ ಮನುಷ್ಯರಲ್ಲದವುಗಳಿಗೆ ಮನುಷ್ಯರ ನಡೆನುಡಿ ಕೊಡುವುದು. ‘ದ ಓಲ್ಡ್ ಫೋರ್ಟ್ ವಾಚ್ಡ್ ದ ಟೌನ್’ ಎಂದರೆ ಬೆಟ್ಟದ ಮೇಲಿನ ಬಳ್ಳಾರಿ ಕೋಟೆ ಊರನ್ನು ಕಾಯುತ್ತ ಕುಳಿತ ಹಿರಿಯನಾಗುತ್ತದೆ. ಇದನ್ನು ಮೆಟಫರ್ ಎಂದರೂ ಪೂರ್ತಿ ತಪ್ಪಲ್ಲ, ಏಕೆಂದರೆ ಅದು ಮೆಟಫರಿನದೇ ಒಂದು ಕವಲು. ಆದರೆ ಪರೀಕ್ಷೆಯಲ್ಲಿ ಹೆಚ್ಚು ನಿಖರವಾದ ಹೆಸರನ್ನೇ ಬರೆಯಬೇಕು.

ಇನ್ನೊಂದು ಮಾತು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಕೃತಿಗಳಲ್ಲಿ ಅತಿ ಹಳೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅಲಂಕಾರಗಳನ್ನೇ ಕುರಿತ ಗ್ರಂಥ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದು ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ನಿಮ್ಮ ಜಿಲ್ಲಾ ಕೇಂದ್ರವೂ ಒಂದು. ಅಲಂಕಾರ ಎಂದರೆ ಇಂಗ್ಲಿಷ್ ಮಾಧ್ಯಮದವರ ಸೊತ್ತು ಎಂದು ನಿಮ್ಮ ಕಡೆಯ ಮಕ್ಕಳು ಹಿಂಜರಿಯಬೇಕಾದ ಕಾರಣವೇನೂ ಇಲ್ಲ.

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿ. ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಶಬ್ದಗಳನ್ನು ಅರ್ಥಸಹಿತ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ, ರಾತ್ರಿ ಗಟ್ಟಿಯಾಗಿ ಓದುತ್ತಾಳೆ. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತಿರುತ್ತದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ನಾನು ಹೇಗೆ ಸಹಾಯ ಮಾಡಲಿ?
(ತಾಯಿ, ಸಿಂಧನೂರು)

ಉತ್ತರ: ಅಮ್ಮಾ, ನಿಮ್ಮ ಮಗಳ ಶ್ರಮದಲ್ಲಿ ಕೊರತೆಯಿಲ್ಲ, ಕ್ರಮದಲ್ಲಿದೆ. ಓದಿದ್ದನ್ನೇ ಮತ್ತೆ ಓದಿದಾಗ ಎಲ್ಲವೂ ಪರಿಚಿತವೆನಿಸುತ್ತದೆ, ಪರಿಚಿತವೆನಿಸಿದ್ದೆಲ್ಲ ಬರುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗದ್ಯಭಾಗವೊಂದನ್ನು ಮರಳಿ ಮರಳಿ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರ ನಡೆಸಿದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನಡೆಸಿದಾಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಾದರು. ಕಲಿತದ್ದು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಹಾಗಾಗಿ ಮರೆಯುವ ಮುನ್ನ ಸ್ವಲ್ಪ ಸ್ವಲ್ಪ ಅಂತರ ಕೊಟ್ಟು, ನೋಡದೆ ನೆನಪಿಸಿಕೊಳ್ಳುವುದೇ ಅಭ್ಯಾಸವಾಗಬೇಕು.

ಇದರಲ್ಲಿ ಇಂಗ್ಲಿಷ್ ಬಾರದ ತಾಯಿಯ ಪಾತ್ರ ದೊಡ್ಡದು. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಚೀಟಿಯ ಅಳತೆಗೆ ಕತ್ತರಿಸಿಕೊಳ್ಳಿ. ಒಂದು ಬದಿಯಲ್ಲಿ ಮಗಳು ಇಂಗ್ಲಿಷ್ ಶಬ್ದವನ್ನೂ ಅದನ್ನು ಬಳಸಿದ ಸಣ್ಣ ವಾಕ್ಯವನ್ನೂ ಬರೆಯಲಿ, ಇನ್ನೊಂದು ಬದಿಯಲ್ಲಿ ಕನ್ನಡದ ಅರ್ಥವನ್ನು ಬರೆಯಲಿ. ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಆದರೂ ನೀವು ಕನ್ನಡದ ಬದಿಯನ್ನು ಓದಿ ಹೇಳಿ. ಅವಳು ಇಂಗ್ಲಿಷ್ ಶಬ್ದವನ್ನು ಸ್ಲೇಟಿನ ಮೇಲೆ ಬರೆದು ತೋರಿಸಲಿ. ನಿಮಗೆ ಅಕ್ಷರಗಳ ಹೆಸರು ಗೊತ್ತಿಲ್ಲದಿದ್ದರೂ ಚೀಟಿಯಲ್ಲಿರುವ ಆಕಾರವೂ ಸ್ಲೇಟಿನಲ್ಲಿರುವ ಆಕಾರವೂ ಒಂದೇ ಆಗಿವೆಯೇ ಎಂದು ಹೋಲಿಸಿ ನೋಡಬಹುದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಈ ದಿಕ್ಕು ಕಷ್ಟದ್ದು. ಬರೆಯುವಾಗಲೂ ಮಾತಾಡುವಾಗಲೂ ಬೇಕಾಗುವುದು ಅದೇ.

ಚೀಟಿಗಳಿಗೆ ಮೂರು ಡಬ್ಬಿ ಇಡಿ. ಹೊಸವು ಮೊದಲ ಡಬ್ಬಿಯಲ್ಲಿರಲಿ, ಅವನ್ನು ದಿನಾಲು ಕೇಳಿ. ಸರಿ ಹೇಳಿದ್ದು ಎರಡನೆಯದಕ್ಕೆ ಹೋಗಲಿ, ಅದನ್ನು ಮೂರು ದಿನಕ್ಕೊಮ್ಮೆ ಕೇಳಿ. ಅಲ್ಲಿಯೂ ಗೆದ್ದದ್ದು ಮೂರನೆಯದಕ್ಕೆ ಸೇರಿ ವಾರಕ್ಕೊಮ್ಮೆ ಹೊರಬರಲಿ. ಎಲ್ಲಿ ತಪ್ಪಿದರೂ ಚೀಟಿ ಮೊದಲ ಡಬ್ಬಿಗೇ ಮರಳಬೇಕು, ಇದರಲ್ಲಿ ದಾಕ್ಷಿಣ್ಯ ಬೇಡ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಪದ್ಧತಿಯನ್ನೇ ಮನೆಯ ಬಳಕೆಗೆ ಸ್ವಲ್ಪ ಸರಳಗೊಳಿಸಿ ಹೇಳಿದ್ದೇನೆ. ಇಪ್ಪತ್ತು ಶಬ್ದಗಳ ಗುರಿಯನ್ನು ಕೈಬಿಟ್ಟು ದಿನಕ್ಕೆ ಐದಾರಕ್ಕೆ ಇಳಿಸಿ.

ಯಾವ ಶಬ್ದಗಳು ಎಂಬುದೂ ಮುಖ್ಯ. ಕಠಿಣವಾದದ್ದನ್ನೇ ಹುಡುಕಿ ಬರೆಯುವುದು ಮಕ್ಕಳಿಗೆ ಹೆಮ್ಮೆಯ ವಿಷಯ, ಆದರೆ ಅದರಿಂದ ಫಲ ಕಡಿಮೆ. ಢಾಕಾದಲ್ಲಿ ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಅತಿಬಳಕೆಯ ಇಂಗ್ಲಿಷ್ ಶಬ್ದಗಳ ಪಟ್ಟಿಯನ್ನು ಪ್ರಕಟಿಸಿದರು. ಸಾಮಾನ್ಯ ಬರಹದ ಬಹುಪಾಲು ಇಂಥ ಶಬ್ದಗಳಿಂದಲೇ ಕೂಡಿರುತ್ತದೆ. ಪಠ್ಯದಲ್ಲಿ ಎರಡು ಮೂರು ಕಡೆ ಕಣ್ಣಿಗೆ ಬಿದ್ದೂ ಅರ್ಥವಾಗದ ಶಬ್ದವೇ ಮೊದಲು ಚೀಟಿಗೆ ಬರಲಿ.

ಚೀಟಿಯಲ್ಲಿ ವಾಕ್ಯವೂ ಇರಲಿ ಎಂದದ್ದಕ್ಕೆ ಕಾರಣವಿದೆ. ನಾವು ತಪ್ಪು ಮಾಡುತ್ತೇವೆ, ಹೋಂವರ್ಕ್ ಮಾಡುತ್ತೇವೆ, ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಹೋಂವರ್ಕಿಗೆ ‘ಡೂ’, ಊಟಕ್ಕೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’. ಬಿಡಿ ಶಬ್ದದ ಅರ್ಥ ಕಲಿತವಳು ‘ಡೂ ಎ ಮಿಸ್ಟೇಕ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾಳೆ. ಶಬ್ದವನ್ನು ಅದರ ಜೊತೆಗಾರನೊಂದಿಗೇ ಕಲಿಯಬೇಕು. ಅದೇ ರೀತಿ ‘ಡಿಸೈಡ್’ ಬರೆದ ಚೀಟಿಯಲ್ಲೇ ‘ಡಿಸಿಷನ್’ ಕೂಡ ಬರಲಿ. ಖಾಲಿ ಜಾಗ ತುಂಬುವ ಪ್ರಶ್ನೆಗಳಲ್ಲಿ ಕೇಳುವುದು ಬಹುಮಟ್ಟಿಗೆ ಶಬ್ದದ ಇಂಥ ಬದಲಾದ ರೂಪಗಳನ್ನೇ.

ಪ್ರಶ್ನೆ: ಅಲಿಟರೇಷನ್ ಗುರುತಿಸುವಾಗ ಒಂದೇ ಅಕ್ಷರದಿಂದ ಆರಂಭವಾಗುವ ಪದಗಳಿಗೆ ಅಡಿಗೆರೆ ಎಳೆದೆ, ಮೇಷ್ಟ್ರು ತಪ್ಪು ಎಂದರು. ರೈಮ್ ಸ್ಕೀಮ್ ಕೂಡ ಗೊಂದಲ. ಸುಲಭ ದಾರಿ ಇದೆಯೇ?
(ವಿದ್ಯಾರ್ಥಿ, ಸಿರುಗುಪ್ಪ)

ಉತ್ತರ: ಇದೆ, ಅದೂ ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವ ದಾರಿ. ಹತ್ತಿರದ ಪದಗಳು ಒಂದೇ ದನಿಯಿಂದ ಶುರುವಾಗುವುದು ಅಲಿಟರೇಷನ್, ಸಾಲುಗಳ ಕೊನೆಯ ದನಿ ಕೂಡುವುದು ರೈಮ್. ಎರಡೂ ಕಿವಿಗೆ ಸಂಬಂಧಿಸಿದವು. ಇಂಗ್ಲಿಷಿನ ಕಾಗುಣಿತವೋ ಕಣ್ಣನ್ನು ದಾರಿ ತಪ್ಪಿಸುತ್ತದೆ. ‘ಸಿಟಿ’ ಮತ್ತು ‘ಕ್ಯಾಂಡಲ್’ ಎರಡೂ ಇಂಗ್ಲಿಷಿನಲ್ಲಿ ‘ಸಿ’ ಅಕ್ಷರದಿಂದಲೇ ಶುರುವಾಗುತ್ತವೆ, ಆದರೆ ಅಲ್ಲಿ ಅಲಿಟರೇಷನ್ ಇಲ್ಲ. ‘ನೈಫ್’ ಬರೆಯುವುದು ‘ಕೆ’ಯಿಂದ, ‘ನೆಸ್ಟ್’ ಬರೆಯುವುದು ‘ಎನ್’ನಿಂದ, ಅಲ್ಲಿ ಇದೆ. ಪದ್ಯದ ಸಾಲನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮರೆಯಲ್ಲಿದ್ದ ದನಿ ತಾನಾಗಿ ಕಾಣಿಸುತ್ತದೆ, ಏಕೆಂದರೆ ನಮ್ಮ ಲಿಪಿ ಬರೆದಂತೆಯೇ ಉಚ್ಚರಿಸುವಂಥದ್ದು. ‘ಹೈ’, ‘ಸ್ಕೈ’, ‘ಲೈ’ ಇವುಗಳ ಇಂಗ್ಲಿಷ್ ಕಾಗುಣಿತ ಮೂರು ಬಗೆಯಾದರೂ ಕನ್ನಡದಲ್ಲಿ ಬರೆದಾಗ ಪ್ರಾಸ ಎದ್ದು ಕಾಣುತ್ತದೆ. ‘ಲವ್’ ಮತ್ತು ‘ಮೂವ್’ ಕಣ್ಣಿಗೆ ಜೋಡಿ, ಕಿವಿಗೆ ಅಲ್ಲ. ಇಂಥದ್ದನ್ನು ಐ ರೈಮ್ ಎನ್ನುತ್ತಾರೆ. ಈ ಉಪಾಯಕ್ಕೂ ಒಂದು ಮಿತಿಯಿದೆ: ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯು’ ಎರಡನ್ನೂ ನಾವು ವಕಾರದಿಂದಲೇ ಬರೆಯುವುದರಿಂದ ಅಲ್ಲಿ ಮಾತ್ರ ಮೂಲದ ಅಕ್ಷರವನ್ನೂ ನೋಡಬೇಕು.

ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸವನ್ನು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಹುಡುಕುವ ಅಭ್ಯಾಸ ನಿಮಗಿದ್ದರೆ ಇಂಗ್ಲಿಷ್ ಪದ್ಯಕ್ಕೆ ಬಂದಾಗ ಅದನ್ನು ಬದಿಗಿಡಿ. ಇಲ್ಲಿ ಸಾಲಿನ ಕೊನೆಯ ಪದವನ್ನಷ್ಟೇ ನೋಡಬೇಕು. ಮೊದಲ ಸಾಲಿನ ಕೊನೆಗೆ ‘ಎ’ ಎಂದು ಗುರುತು ಹಾಕಿ. ಅದರೊಡನೆ ಪ್ರಾಸ ಕೂಡುವ ಸಾಲುಗಳಿಗೆಲ್ಲ ‘ಎ’, ಹೊಸ ದನಿ ಬಂದಾಗ ‘ಬಿ’, ಹೀಗೆ ಮುಂದುವರಿಸಿ. ಶೇಕ್ಸ್‌ಪಿಯರ್ ಬಗೆಯ ಸಾನೆಟ್ಟಿನ 14 ಸಾಲುಗಳು ಎಬಿಎಬಿ, ಸಿಡಿಸಿಡಿ, ಇಎಫ್‌ಇಎಫ್, ಜಿಜಿ ಎಂದು ನಡೆಯುತ್ತವೆ. ಕೊನೆಯ ಎರಡು ಸಾಲುಗಳ ಜೋಡಿ ಕಂಡರೆ ಕವಿತೆಯ ತಿರುವು ಬಹುಶಃ ಅಲ್ಲಿಯೇ ಇರುತ್ತದೆ ಎಂದು ತಿಳಿದು ಓದಿ.

ಪ್ರಶ್ನೆ: ಐರನಿ ಎಂದರೆ ವ್ಯಂಗ್ಯ ಎಂದು ಬರೆದುಕೊಂಡಿದ್ದೆ. ಈಗ ಉಪನ್ಯಾಸಕರು ಅದರಲ್ಲಿ ಮೂರು ಬಗೆ ಎನ್ನುತ್ತಾರೆ. ಎಲ್ಲವೂ ವ್ಯಂಗ್ಯವೇ ಅಲ್ಲವೇ?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಒಂದು ಬಗೆ ಮಾತ್ರ ವ್ಯಂಗ್ಯಕ್ಕೆ ಹತ್ತಿರ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಊರಿನಲ್ಲಿ ಕರೆಂಟು ಹೋದಾಗ ಮನೆಯ ಹಿರಿಯರು ‘ಆಹಾ, ಏನು ತಂಪಪ್ಪಾ’ ಎಂದರೆ ಅದು ವರ್ಬಲ್ ಐರನಿ: ಹೇಳಿದ್ದು ಒಂದು, ಹೇಳಬೇಕೆಂದದ್ದು ಅದಕ್ಕೆ ವಿರುದ್ಧ. ಹೊಗಳುವಂತೆ ಬೈಯುವ ನಮ್ಮ ವ್ಯಾಜಸ್ತುತಿ ಇದರ ನೆಂಟ. ಚುಚ್ಚುವ ಉದ್ದೇಶ ಸೇರಿಕೊಂಡರೆ ಅದು ಸಾರ್ಕಾಸಮ್ ಎನಿಸುತ್ತದೆ.

ಡ್ರಮ್ಯಾಟಿಕ್ ಐರನಿ ಅರ್ಥವಾಗಬೇಕಾದರೆ ಬಯಲಾಟವನ್ನು ನೆನೆಯಿರಿ. ಸೈರಂಧ್ರಿ ತನಗಾಗಿ ಕಾದಿದ್ದಾಳೆಂದು ನಂಬಿ, ಗಂಧ ಪೂಸಿಕೊಂಡು, ಮೀಸೆ ತಿರುವುತ್ತ ಕೀಚಕ ನಾಟ್ಯಶಾಲೆಯ ಕತ್ತಲೆಗೆ ಕಾಲಿಡುತ್ತಾನೆ. ಅಲ್ಲಿ ಮಲಗಿರುವವನು ಭೀಮ ಎಂಬುದು ಕಂಬಳಿ ಹಾಸಿ ಕುಳಿತ ಅಷ್ಟೂ ಜನಕ್ಕೆ ಗೊತ್ತು, ಕೀಚಕನೊಬ್ಬನಿಗೆ ಗೊತ್ತಿಲ್ಲ. ಅವನ ಒಂದೊಂದು ಶೃಂಗಾರದ ಮಾತಿಗೂ ಜನ ನಗುವುದು ಆ ಅರಿವಿನ ಅಂತರದಿಂದ. ಪಾತ್ರಕ್ಕೆ ತಿಳಿಯದ್ದು ನೋಡುಗನಿಗೆ ತಿಳಿದಿರುವುದೇ ಈ ಬಗೆಯ ಲಕ್ಷಣ, ಇಲ್ಲಿ ಯಾರೂ ಯಾರನ್ನೂ ಹಂಗಿಸುತ್ತಿಲ್ಲ. ಆದ್ದರಿಂದ ಉತ್ತರ ಬರೆಯುವಾಗ ‘ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ’ ಎಂಬ ಎರಡನ್ನೂ ಹೆಸರಿಸಿ. ಒಂದನ್ನು ಬಿಟ್ಟರೂ ಉತ್ತರ ಅರ್ಧವಾಗುತ್ತದೆ.

ಸಿಚುಯೇಷನಲ್ ಐರನಿಯಲ್ಲಿ ನಿರೀಕ್ಷೆಗೆ ತೀರ ವಿರುದ್ಧವಾದದ್ದು ನಡೆಯುತ್ತದೆ. ಕಾಲುವೆಯ ದಂಡೆಯ ಮೇಲಿರುವ ಊರಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಬಂದರೆ ಅದು ಐರನಿ. ಇಬ್ಬರು ಗೆಳೆಯರು ಒಂದೇ ಬಣ್ಣದ ಅಂಗಿ ತೊಟ್ಟು ಕಾಲೇಜಿಗೆ ಬಂದರೆ ಅದು ಕಾಕತಾಳೀಯ, ಅಷ್ಟೆ.

ಪ್ರಶ್ನೆ: ಸಿನೆಕ್‌ಡಕಿ ಮತ್ತು ಮೆಟಾನಿಮಿಗಳ ವ್ಯತ್ಯಾಸವನ್ನು ಚುಟುಕಾಗಿ ತಿಳಿಸಿ.
(ಬಿ.ಎ. ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಅಂಗವನ್ನು ಹೇಳಿ ಇಡಿಯನ್ನು ಸೂಚಿಸುವುದು ಸಿನೆಕ್‌ಡಕಿ. ‘ಮನೆಯಲ್ಲಿ ಹತ್ತು ಬಾಯಿ ಉಣ್ಣಬೇಕು’ ಎಂದಾಗ ಬಾಯಿ ಮನುಷ್ಯನ ಅಂಗ. ಅಂಗವಲ್ಲದ, ಆದರೆ ಹತ್ತಿರದ ಸಂಬಂಧವಿರುವ ವಸ್ತುವಿನ ಹೆಸರನ್ನು ಬಳಸುವುದು ಮೆಟಾನಿಮಿ. ‘ವಿಧಾನಸೌಧ ಇನ್ನೂ ತೀರ್ಮಾನಿಸಿಲ್ಲ’ ಎಂದಾಗ ಕಟ್ಟಡವು ಸರ್ಕಾರದ ಅಂಗವಲ್ಲ, ಅದು ಇರುವ ತಾಣ. ಭಾರತೀಯ ಕಾವ್ಯಮೀಮಾಂಸೆಯನ್ನು ಓದಿರುವ ನಿಮಗೆ ಲಕ್ಷಣಾವೃತ್ತಿಯ, ಅಂದರೆ ನೇರ ಅರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಅರ್ಥವನ್ನು ಹಿಡಿಯುವ ಬಗೆಯ, ‘ಗಂಗಾಯಾಂ ಘೋಷಃ’ ನೆನಪಾಗಬಹುದು. ಗಂಗೆಯಲ್ಲಿ ಹಳ್ಳಿ ಎಂದರೆ ಗಂಗೆಯ ದಡದಲ್ಲಿ ಹಳ್ಳಿ. ಸಾಮೀಪ್ಯದ ಸಂಬಂಧವಾದ್ದರಿಂದ ಅದು ಮೆಟಾನಿಮಿಯ ಕಡೆಗೇ ವಾಲುತ್ತದೆ.

ಪ್ರಶ್ನೆ: ಪರೀಕ್ಷೆಗೆ ಮೊದಲು ಈ ಭಾಗದ ಪುನರಾವರ್ತನೆಗೆ ನನಗೆ ಸಿಗುವುದು ಒಂದೇ ಪಿರಿಯಡ್. ಎಲ್ಲ ಪದಗಳ ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆಸುವುದು ಸರಿಯೇ?
(ಪ್ರೌಢಶಾಲಾ ಶಿಕ್ಷಕರು, ಲಿಂಗಸುಗೂರು)

ಉತ್ತರ: ಬರೆಸಿದರೆ ಪಿರಿಯಡ್ ಮುಗಿಯುತ್ತದೆ, ಪುನರಾವರ್ತನೆ ಆಗುವುದಿಲ್ಲ. ಮಕ್ಕಳ ನೋಟ್‌ಬುಕ್ಕಿನಲ್ಲಿ ವ್ಯಾಖ್ಯೆಗಳು ಈಗಾಗಲೇ ಇವೆ. ಅವರಿಗೆ ಕಷ್ಟವಾಗುವುದು ಒಂದನ್ನೊಂದು ಬೇರ್ಪಡಿಸುವುದು. ಆದ್ದರಿಂದ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಷನ್, ಹೈಪರ್‌ಬೊಲಿ (ಇದ್ದದ್ದನ್ನು ಹಿಗ್ಗಿಸಿ ಹೇಳುವುದು) ಇವುಗಳ ಸಾಲುಗಳನ್ನು ಕಲಸಿ, ನಡುವೆ ಯಾವ ಅಲಂಕಾರವೂ ಇಲ್ಲದ ಎರಡು ಸಾಲುಗಳನ್ನು ಸೇರಿಸಿ ಬೋರ್ಡಿನ ಮೇಲೆ ಬರೆಯಿರಿ. ಈ ಖಾಲಿ ಸಾಲುಗಳು ಬಹಳ ಕೆಲಸ ಮಾಡುತ್ತವೆ, ಏಕೆಂದರೆ ಊಹೆಯ ಮೇಲೆ ಉತ್ತರ ಹೇಳುವವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಪ್ರತಿ ಸಾಲಿಗೂ ಹೆಸರು ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿ: ಯಾವುದರ ಮಾತು ನಡೆದಿದೆ? ಅದರ ಪಕ್ಕಕ್ಕೆ ಏನನ್ನು ತಂದಿದ್ದಾರೆ? ಅಲಂಕಾರ ತೆಗೆದು ಸಾದಾ ಮಾತಿನಲ್ಲಿ ಹೇಳಿದರೆ ಏನು ಕಳೆದುಹೋಗುತ್ತದೆ? ಮೂರನೆಯದಕ್ಕೆ ಮಕ್ಕಳು ಮೊದಲು ಕನ್ನಡದಲ್ಲಿ ಉತ್ತರಿಸಲಿ, ಅದಕ್ಕೆ ಅಡ್ಡಿ ಮಾಡಬೇಡಿ; ವಿಚಾರ ಸ್ಪಷ್ಟವಾದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ಒಂದೆರಡು ವಾಕ್ಯದ ಕೆಲಸ. ಕೊನೆಯ ಹತ್ತು ನಿಮಿಷದಲ್ಲಿ ನೋಟ್‌ಬುಕ್ ಮುಚ್ಚಿಸಿ, ಭತ್ತದ ಗದ್ದೆಯನ್ನೋ ಊರಿನ ಬಸ್ ನಿಲ್ದಾಣವನ್ನೋ ಕೊಟ್ಟು ಅದರ ಮೇಲೆ ತಲಾ ಒಂದು ಸಿಮಿಲಿ ಬರೆಯಲು ಹೇಳಿ. ಸಿನೆಕ್‌ಡಕಿಯನ್ನೂ, ವಿರುದ್ಧಾರ್ಥದ ಪದಗಳನ್ನು ಜೋಡಿಸುವ ಆಕ್ಸಿಮೊರಾನ್ ಅನ್ನೂ ಆ ಪಿರಿಯಡಿಗೆ ಎಳೆದು ತರಬೇಡಿ.

ಪ್ರಶ್ನೆ: ಪದಸಂಪತ್ತಿಗಾಗಿ ಯಾವ ಬಗೆಯ ನಿಘಂಟು ಕೊಳ್ಳಬೇಕು? ಮೊಬೈಲ್ ಸಾಲದೇ?
(ಪೋಷಕರು, ಗಂಗಾವತಿ)

ಉತ್ತರ: ಇಂಗ್ಲಿಷ್–ಕನ್ನಡ ನಿಘಂಟು ಮೊದಲ ನೋಟಕ್ಕೆ ಬೇಕು, ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬಳಕೆ ತಿಳಿಯಲು ಬೇಕು. ಕೊಳ್ಳುವಾಗ ಲರ್ನರ್ಸ್ ಎಂಬ ಪದ ಹೊದಿಕೆಯ ಮೇಲೆ ಇದೆಯೇ ನೋಡಿ. ಇಂಥ ನಿಘಂಟುಗಳಲ್ಲಿ ಹೆಸರಾದ ಆಕ್ಸ್‌ಫರ್ಡಿನದು ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಜಪಾನಿನ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿ 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾದ ನಿಘಂಟಿನಿಂದ ಬೆಳೆದುಬಂದದ್ದು. ಲಾಂಗ್‌ಮನ್ನಿನದು ಎಲ್ಲ ವಿವರಣೆಗಳನ್ನೂ ಸುಮಾರು 2000 ಸರಳ ಶಬ್ದಗಳ ಒಳಗೇ ಕೊಡುವ ಕ್ರಮವನ್ನು 1978ರಿಂದ ಪಾಲಿಸುತ್ತಿದೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ದೊಡ್ಡ ಆವೃತ್ತಿ ಭಾರವಾಗುತ್ತದೆ; ಅವುಗಳ ಚಿಕ್ಕ ಆವೃತ್ತಿ ಸಾಕು. ಕಿಟ್ಟೆಲರ ನಿಘಂಟನ್ನು ಕೊಳ್ಳಲು ಕೆಲವರು ಸಲಹೆ ಕೊಡುತ್ತಾರೆ. 1894ರ ಆ ಮಹಾಕೃತಿ ಕನ್ನಡದಿಂದ ಇಂಗ್ಲಿಷಿಗೆ ಅರ್ಥ ಕೊಡುವಂಥದ್ದು, ವಿದ್ವಾಂಸರಿಗೆ ಬೇಕಾದದ್ದು, ಈ ಕೆಲಸಕ್ಕಲ್ಲ. ಮೊಬೈಲಿನಲ್ಲಿ ಉಚ್ಚಾರಣೆ ಕೇಳಿಸುವುದು ದೊಡ್ಡ ಅನುಕೂಲ, ಅದಕ್ಕೆ ಧಾರಾಳವಾಗಿ ಬಳಸಲಿ. ಅರ್ಥಕ್ಕಾಗಿ ಬಳಸುವಾಗ ಅನುವಾದದ ಆಪ್ ತೋರಿಸುವ ಮೊದಲ ಅರ್ಥವನ್ನೇ ಬರೆದುಕೊಳ್ಳದೆ, ಪಾಠದ ವಾಕ್ಯಕ್ಕೆ ಹೊಂದುವ ಅರ್ಥ ಯಾವುದೆಂದು ನಿಘಂಟಿನಲ್ಲಿ ಹುಡುಕಿ, ಅದರ ಉದಾಹರಣಾ ವಾಕ್ಯದೊಂದಿಗೆ ಚೀಟಿಗೆ ಇಳಿಸಿಕೊಳ್ಳಲಿ.